ಡಿಸ್ಕಿನ ಹಿಂದೆ ವಿಸಿ-1 ಅಂತ ಇದ್ದರೆ ವಾಪಸ್ ಇಡುತ್ತೇನೆ

ಬ್ಲೂ-ರೇ ಡಿಸ್ಕಿನಲ್ಲಿ ಸಿನಿಮಾದ ಚಿತ್ರವನ್ನು ಕುಗ್ಗಿಸಿ ತುಂಬಲು ಮೂರು ವಿಧಾನ: ಎಂಪೆಗ್-2, ವಿಸಿ-1, ಎವಿಸಿ. ಯಾವುದು ಒಳ್ಳೆಯದು ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎವಿಸಿಗೆ. ಎಚ್.264 ಅಂತಾರಲ್ಲ, ಅದೇ.

ಬದಿಯಡ್ಕದ ನಮ್ಮ ಮನೆಗೆ ಬ್ಲೂ-ರೇ ಬಂದದ್ದು ದುಬೈಯಿಂದ. ಕೆಲಸ ಬಿಟ್ಟು ಊರಿಗೆ ಬರುವಾಗ ಮಾವ 28 ಡಿಸ್ಕ್ ತಂದರು, ಜೊತೆಗೆ ಪ್ಲೇಯರ್. ಬ್ಲೂ-ರೇಯಲ್ಲಿ ವಲಯಗಳುಂಟು, ಒಂದು ವಲಯಕ್ಕೆ ಬೀಗ ಹಾಕಿದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಗಲ್ಫಿನದು ‘ಬಿ’ ವಲಯ, ನಮ್ಮದು ‘ಸಿ’. ಪ್ಲೇಯರನ್ನೂ ಅಲ್ಲಿಂದಲೇ ತಂದದ್ದು ಒಳ್ಳೆಯದಾಯಿತು. ಆದರೆ ಎರಡೇ ಮಳೆಗಾಲಕ್ಕೆ ಅದು ಸತ್ತಿತು. ಆಟಿಯಲ್ಲಿ ಡಿಸ್ಕ್ ಪೆಟ್ಟಿಗೆಯ ಕಾಗದಕ್ಕೂ ಬೂಸ್ಟು. ಹೆದರಿ ಒಂದು ಹಳೇ ಬ್ಲೂ-ರೇ ಡ್ರೈವ್ ತಗೊಂಡು, ಎಲ್ಲವನ್ನೂ ಇದ್ದ ಹಾಗೇ ಹಾರ್ಡ್ ಡಿಸ್ಕಿಗೆ ಹಾಕಿಕೊಂಡೆ. ಟಿವಿಗೆ ಸಿಕ್ಕಿಸಿದರಾಯಿತು ಅಂತ ನನ್ನ ಲೆಕ್ಕ.

ಎವಿಸಿಯವು ಎಲ್ಲಾ ಓಡಿದವು. ಆರು ಸಿನಿಮಾ ಮಾತ್ರ ಸತಾಯಿಸಿದವು. ಶಬ್ದ ಸರಿಯಾಗಿ ಬರುತ್ತದೆ, ಚಿತ್ರ ಮಾತ್ರ ಕುಂಟುತ್ತದೆ. ಬಾಗಿಲಿನ ಸದ್ದು ಕೇಳಿ ಮುಗಿದ ಮೇಲೆ ಬಾಗಿಲು ತೆರೆಯುತ್ತದೆ! “ಎಂತ ಮಾರಾಯ, ಕೇಬಲ್ ಲೂಸಾ?” ಅಂದರು ಅಮ್ಮ. ನಾನೂ ಹಾಗೇ ಅಂದುಕೊಂಡು ಹೊಸ ಕೇಬಲ್ ತಂದೆ. ಹಾರ್ಡ್ ಡಿಸ್ಕ್ ಬದಲಿಸಿದೆ. ಕೊನೆಗೆ ಫೈಲಿನ ವಿವರ ತೆಗೆದು ನೋಡಿದರೆ ಆರೂ ವಿಸಿ-1.

ಬ್ಲೂ-ರೇ ಪ್ಲೇಯರ್ ಅಂದರೆ ಎಂಪೆಗ್-2, ವಿಸಿ-1, ಎವಿಸಿ ಮೂರನ್ನೂ ಓಡಿಸಲೇಬೇಕು. ಟಿವಿಗೆ ಆ ಕಟ್ಟುಪಾಡಿಲ್ಲ. ವಿಸಿ-1 ಮೈಕ್ರೋಸಾಫ್ಟಿನ ವಿಂಡೋಸ್ ಮೀಡಿಯಾದಿಂದ ಹುಟ್ಟಿದ್ದು, 2006ರಲ್ಲಿ ಮಾನದಂಡವಾಯಿತು. ಎಚ್‌ಡಿ ಡಿವಿಡಿಯಲ್ಲಿ (ಬ್ಲೂ-ರೇಯ ಎದುರಾಳಿ ಡಿಸ್ಕ್ ಅದು) ವಿಸಿ-1ರದ್ದೇ ದರ್ಬಾರು. ಎರಡೂ ಬಗೆಯ ಡಿಸ್ಕ್ ಮಾರುತ್ತಿದ್ದ ಸ್ಟುಡಿಯೋಗಳು ಅದನ್ನೇ ಬ್ಲೂ-ರೇಗೂ ಹಾಕುತ್ತಿದ್ದವು. 2008ರಲ್ಲಿ ಎಚ್‌ಡಿ ಡಿವಿಡಿ ಮುಳುಗಿತು, ವಿಸಿ-1ಕ್ಕೂ ದಿಕ್ಕಿಲ್ಲದಾಯಿತು. ಚಿತ್ರ ಕೆಟ್ಟದ್ದೇನಲ್ಲ, ಲ್ಯಾಪ್‌ಟಾಪಿನಲ್ಲಿ ಚಂದವೇ ಇತ್ತು.

ಆರನ್ನೂ ಎವಿಸಿಗೆ ಬದಲಿಸಲು ಕೂತೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಒಂದು ಸಿನಿಮಾಕ್ಕೆ ಒಂದು ರಾತ್ರಿ. ಗಾಳಿಮಳೆಗೆ ತೋಟದಲ್ಲಿ ಮರ ಬಿದ್ದು ಕರೆಂಟ್ ಹೋಯಿತೆಂದರೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಕೂಡಲೇ ಆಫ್. ಬೆಳಿಗ್ಗೆ ಮತ್ತೆ ಸೊನ್ನೆಯಿಂದ. ಒಂದು ಸಿನಿಮಾ ಮೂರು ರಾತ್ರಿ ತಿಂದಿತು.

ಎಂಪೆಗ್-2 ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಡಿವಿಡಿ ಕಾಲದ್ದು, ನನ್ನ ಟಿವಿ ತಕರಾರಿಲ್ಲದೆ ಓಡಿಸುತ್ತದೆ. ಆದರೆ ಮೊದಮೊದಲ 25 ಜಿಬಿ ಡಿಸ್ಕುಗಳಲ್ಲಿ ಕುಗ್ಗಿಸದ ಪಿಸಿಎಂ ಶಬ್ದವೇ ಜಾಗ ನುಂಗುತ್ತಿತ್ತು, ಚಿತ್ರಕ್ಕೆ ಉಳಿದದ್ದು ಸಾಲದು. ಮಾವನ ಒಂದು ಡಿಸ್ಕಿನಲ್ಲಿ ಸಮುದ್ರದ ನೊರೆ ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಚೌಕ. ಎವಿಸಿ ಅಂಥ ಚೌಕಗಳ ಅಂಚನ್ನು ತಾನೇ ಸವರಿ ನಯ ಮಾಡುತ್ತದೆ. ಹಾಗಂತ ಅದಕ್ಕೂ ಡೇಟಾ ಕಡಿಮೆ ಕೊಟ್ಟರೆ ಹೊಗೆ, ಮಂಜು ಎಲ್ಲ ಕೆಸರೇ.

4ಕೆ ಡಿಸ್ಕಿನ ಎಚ್‌ಇವಿಸಿ? ಎವಿಸಿಯ ನಂತರದ ತಲೆಮಾರು ಅದು. ಗೆಳೆಯನ ಮನೆಯಲ್ಲಿ ನೋಡಿದೆ, ಕತ್ತಲೆಯ ದೃಶ್ಯಗಳಲ್ಲಿ ಬೇರೆಯೇ ಲೋಕ. ವಲಯದ ಕಾಟವೂ ಇಲ್ಲ. ಆದರೆ ಪ್ಲೇಯರ್, ಟಿವಿ ಎರಡೂ ಹೊಸತು ಬೇಕು. ಅಷ್ಟು ದುಡ್ಡು ಬಂದರೆ ನಮ್ಮನೆಗೆ ಮೊದಲು ಬರುವುದು ಇನ್ವರ್ಟರ್.