ಈಸ್ಟರ್‌ಗೆ ಮಕ್ಕಳಿಗೆ ಏನು ಕೊಡೋದು: ನಮ್ಮ ಮನೆಯಲ್ಲಿ ಮಾಡಿ ನೋಡಿದ್ದು

ಕ್ರಿಸ್‌ಮಸ್‌ಗೆ ಮಕ್ಕಳಿಗೆ ಏನಾದರೂ ಕೊಡಬೇಕಾ ಅಂತ ಯಾರೂ ಕೇಳುವುದಿಲ್ಲ. ಕೊಡುತ್ತಾರೆ, ಅಷ್ಟೇ. ಈಸ್ಟರ್ ಬಂದಾಗ ಮಾತ್ರ ಮನೆಮನೆಯಲ್ಲೂ ಚರ್ಚೆ. ಮೈಸೂರಿನ ನಮ್ಮ ಮನೆಯಲ್ಲಂತೂ ಈಸ್ಟರ್‌ನ ಹಿಂದಿನ ವಾರದ ಗರಿಗಳ ಭಾನುವಾರ ಗುಡಿಯಿಂದ ತಂದ ಗರಿ ಇನ್ನೂ ಬಾಡಿರುವುದಿಲ್ಲ, ಮಾತು ಶುರುವಾಗುತ್ತದೆ. "ನಲವತ್ತು ದಿನ ಉಪವಾಸ, ಪ್ರಾರ್ಥನೆ ಅಂತ ಇದ್ದು ಕೊನೆಗೆ ಆಟದ ಸಾಮಾನು ಕೊಡೋದಾ? ನಮ್ಮ ಕಾಲದಲ್ಲಿ ಹೊಸ ಬಟ್ಟೆ, ಪೂಜೆ, ಒಳ್ಳೆ ಊಟ. ಅಲ್ಲಿಗೆ ಹಬ್ಬ ಆಯ್ತು" ಅನ್ನುತ್ತಾರೆ ಅತ್ತೆ. ಮಗಳ ಜ್ಞಾನತಾಯಿ, ಅಂದರೆ ಗಾಡ್‌ಮದರ್, ಬೆಂಗಳೂರಿನಿಂದ ಫೋನ್ ಮಾಡಿ "ಏನು ತರಲಿ, ಬೇಗ ಹೇಳು" ಅನ್ನುತ್ತಾಳೆ. ಮಕ್ಕಳು ಬೇಕರಿ ಗಾಜಿನ ಮುಂದೆ ನಿಂತರೆ ಅಲ್ಲಿಂದ ಕದಲುವುದಿಲ್ಲ.

ಬೇರೆ ಬೇರೆ ವರ್ಷ ಬೇರೆ ಬೇರೆ ಥರ ಮಾಡಿ ನೋಡಿದ್ದೇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊಡಬೇಕು. ಆದರೆ ಶನಿವಾರ ರಾತ್ರಿ ಪೂಜೆ ಮುಗಿಯುವವರೆಗೆ ಅದು ಮಗುವಿನ ಕೈಗೆ ಸಿಗಬಾರದು. ಮತ್ತು ಅದು ನಾಲ್ಕು ಜನಕ್ಕೆ ಹಂಚಲು ಬರುವಂಥದ್ದಾಗಿರಬೇಕು. ಈ ಎರಡು ಅಳತೆ ಇಟ್ಟುಕೊಂಡೇ ಒಂದೊಂದನ್ನೂ ನೋಡುತ್ತಾ ಹೋಗುತ್ತೇನೆ.

ಕೊಡಬೇಕು ಅನ್ನಲು ಒಂದು ಕಾರಣ ಇದೆ. ನಮ್ಮ ನಂಬಿಕೆಯಲ್ಲಿ ಈಸ್ಟರ್‌ಗಿಂತ ದೊಡ್ಡ ಹಬ್ಬ ಇಲ್ಲ. ಕ್ರಿಸ್ತ ಸಾವಿನಿಂದ ಎದ್ದು ಬಂದ ದಿನ ಅದು. ಕ್ರಿಸ್ತ ಎದ್ದು ಬರದಿದ್ದರೆ ನಿಮ್ಮ ವಿಶ್ವಾಸವೇ ವ್ಯರ್ಥ ಅಂತ ಸಂತ ಪೌಲರು ಕೊರಿಂಥದವರಿಗೆ ಬರೆದಿದ್ದಾರೆ. ಆದರೆ ಮಕ್ಕಳನ್ನು ಕೇಳಿ ನೋಡಿ. ಯಾವ ಹಬ್ಬ ದೊಡ್ಡದು ಅಂದರೆ ಕ್ರಿಸ್‌ಮಸ್ ಅನ್ನುತ್ತಾರೆ. ಮನೆ ಮೇಲೆ ನಕ್ಷತ್ರ, ಗೋದಲಿ, ಕೇಕು, ಕ್ರಿಸ್‌ಮಸ್ ತಾತ, ಗಿಫ್ಟು, ಎಲ್ಲ ಆ ಹಬ್ಬಕ್ಕೇ. ಇಲ್ಲಿ ಕೈಗೆ ಏನೂ ಬರದಿದ್ದರೆ ಮಗುವಿಗೆ ಈ ಹಬ್ಬ ಚಿಕ್ಕದಾಗಿ ಕಂಡರೆ ಅದರ ತಪ್ಪೇನು?

ಏನೂ ಕೊಡದೆ ಹಬ್ಬ ಮಾಡಿದ ವರ್ಷವೂ ಇದೆ. ಅತ್ತೆಯ ಮಾತಿನಂತೆ ಪೂಜೆ, ಊಟ, ಅಷ್ಟೇ. ಆ ವರ್ಷ ಮಕ್ಕಳನ್ನು ಶನಿವಾರ ರಾತ್ರಿಯ ಪಾಸ್ಖ (ಅಂದರೆ ಈಸ್ಟರ್) ಜಾಗರಣೆಗೆ ಸಂತ ಫಿಲೋಮಿನಾ ದೇವಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಗುಡಿ ಅದು. ಹಗಲು ಹೊತ್ತು ಪ್ರವಾಸಿಗಳು ಆ ಎರಡು ಗೋಪುರದ ಫೋಟೋ ತೆಗೆಯುತ್ತಾ ಇರುತ್ತಾರೆ. ಜಾಗರಣೆಯ ರಾತ್ರಿ ಅದೇ ಜಾಗ ಬೇರೆಯೇ ಆಗಿರುತ್ತದೆ. ದೀಪ ಎಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಖದ ದೊಡ್ಡ ಮೇಣದ ಬತ್ತಿ ಹಚ್ಚುತ್ತಾರೆ. ಆ ಬತ್ತಿಯ ಮೇಲೆ ಶಿಲುಬೆ, ಅದರ ಸುತ್ತ ಆ ವರ್ಷದ ನಾಲ್ಕು ಅಂಕಿ. ಮಗಳು ಅದನ್ನು ನೋಡಿಬಿಟ್ಟಳು. "ಅಮ್ಮಾ, ಮೇಣದ ಬತ್ತಿ ಮೇಲೆ ಈ ವರ್ಷ ಬರೆದಿದ್ದಾರೆ!" ಅಂತ ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು. ಆಮೇಲೆ ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುತ್ತಾ ಗುಡಿ ತುಂಬ ಬೆಳಕಾಯಿತು. ಗುರುವಾರದಿಂದ ಬಾಯಿ ಮುಚ್ಚಿಕೊಂಡಿದ್ದ ಗಂಟೆ ಮಹಿಮಾ ಗೀತೆಗೆ ಮತ್ತೆ ಬಾರಿಸಿತು. ಮಗ ಅಷ್ಟು ಹೊತ್ತಿಗೆ ಅವರಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಗಂಟೆ ಸದ್ದಿಗೆ ಎದ್ದು ಕೂತ.

ಆದ್ದರಿಂದ ಗಿಫ್ಟ್ ಇಲ್ಲದಿದ್ದರೆ ಹಬ್ಬವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆ ಬೆಂಕಿಯ ವಿಷಯ ಮಗಳು ತುಂಬ ದಿನ ಮಾತಾಡಿದಳು. ಆದರೆ ಭಾನುವಾರ ಬೆಳಿಗ್ಗೆ ಏನಾಯಿತು ಗೊತ್ತಾ? ದೊಡ್ಡವರಿಗೆ ಮಟನ್ ಬಿರಿಯಾನಿ, ನೆಂಟರು, ಮಾತು. ಮಕ್ಕಳಿಗೆ ಮಾಡಲು ಏನೂ ಇಲ್ಲ. ಹನ್ನೊಂದು ಗಂಟೆಗೆಲ್ಲ ಟೀವಿ ಮುಂದೆ ಕೂತರು. ರಾತ್ರಿ ಸಿಕ್ಕ ಸಂಭ್ರಮ ಬೆಳಿಗ್ಗೆಗೆ ಮುಂದುವರಿಯಲಿಲ್ಲ.

ಇನ್ನು ಆಟದ ಸಾಮಾನು. ಕ್ರಿಸ್‌ಮಸ್ ಥರವೇ ಬಣ್ಣದ ಕಾಗದ ಸುತ್ತಿ, ಹೆಸರು ಬರೆದು ಕೊಟ್ಟಿದ್ದೂ ಆಗಿದೆ. ಮಗನಿಗೆ ರಿಮೋಟ್ ಕಾರು, ಮಗಳಿಗೆ ಬಣ್ಣದ ಪೆನ್ಸಿಲ್‌ಗಳ ದೊಡ್ಡ ಡಬ್ಬಿ. ಖುಷಿಪಟ್ಟರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಡೆ ಇದಕ್ಕೊಂದು ವಿಚಿತ್ರ ತೊಡಕಿದೆ. ಈಸ್ಟರ್ ಒಂದೇ ತಾರೀಕಿಗೆ ಬರುವುದಿಲ್ಲ. ಮಾರ್ಚ್ 21 ಅಥವಾ ಅದಾದ ಮೇಲೆ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಅಂತ ಲೆಕ್ಕ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20. ನಮ್ಮ ಮಕ್ಕಳಿಗೆ ಅದೇ ಸಮಯ ಪರೀಕ್ಷೆ, ರಿಸಲ್ಟು, ಬೇಸಿಗೆ ರಜ. ಕಾರು ಹಿಡಿದುಕೊಂಡು ಕೆಳಗಿಳಿದ ಮಗನನ್ನು ಪಕ್ಕದ ಮನೆಯವರು "ಏನಪ್ಪಾ, ಹೊಸ ಕಾರು?" ಅಂದರೆ "ಪಾಸಾಗಿದ್ದಕ್ಕೆ ಆಂಟಿ" ಅಂದ. ಅವನಿಗೆ ಹಾಗೆ ಅನಿಸಿದ್ದು ಸಹಜ. ಆ ಪೆಟ್ಟಿಗೆಯಲ್ಲಿ ಈಸ್ಟರ್ ಅಂತ ಹೇಳುವಂಥದ್ದು ಏನಿತ್ತು? ಹಂಚಿಕೊಳ್ಳುವ ಮಾತಂತೂ ದೂರ. ಸಂಜೆಯೊಳಗೆ ರಿಮೋಟ್‌ಗೆ ಅಕ್ಕ ತಮ್ಮನ ಜಗಳ. ನನ್ನ ಎರಡು ಅಳತೆಯಲ್ಲೂ ಆಟದ ಸಾಮಾನು ಕೊನೆಗೆ ನಿಲ್ಲುತ್ತದೆ.

ಅಂಗಡಿಯ ಮೊಟ್ಟೆಗಳಿಗೆ ಬರೋಣ. ಎರಡು ಥರ ಸಿಗುತ್ತವೆ. ಒಂದು, ಒಳಗೆ ಟೊಳ್ಳಾದ ಚಾಕೊಲೇಟ್ ಮೊಟ್ಟೆ. ಇನ್ನೊಂದು, ಬೇಕರಿಯವರು ಗೋಡಂಬಿ ಸಕ್ಕರೆ ಅರೆದು ಮಾಡುವ ಮಾರ್ಜಿಪಾನ್ ಮೊಟ್ಟೆ, ಮೇಲೆ ಐಸಿಂಗ್‌ನ ಹೂವು. ಚಾಕೊಲೇಟ್ ಮೊಟ್ಟೆ ಯೂರೋಪಿನ ತಂಪು ಹವಕ್ಕೆ ಹುಟ್ಟಿದ್ದು. ಬ್ರಿಸ್ಟಲ್‌ನ ಫ್ರೈ ಕಂಪನಿ 1873ರಲ್ಲಿ ಮಾಡಿತು, ಕ್ಯಾಡ್‌ಬರಿ 1875ರಲ್ಲಿ. ಚಾಕೊಲೇಟ್‌ನಲ್ಲಿರುವ ಕೋಕೋ ಬೆಣ್ಣೆ ನಮ್ಮ ಮೈಯ ಬಿಸಿಗೇ ಕರಗುವಂಥದ್ದು. ಮೈಸೂರಿನ ಏಪ್ರಿಲ್ ಮಧ್ಯಾಹ್ನ ಅದಕ್ಕೆ ಸಾಕು. ದೇವರಾಜ ಅರಸು ರಸ್ತೆಯಿಂದ ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ತಂದ ಮೊಟ್ಟೆ ಮನೆಗೆ ಬರುವಷ್ಟರಲ್ಲಿ ಒಂದು ಬದಿ ಕುಸಿದು, ಬೆಳ್ಳಿ ಕಾಗದ ಚಾಕೊಲೇಟ್‌ಗೆ ಅಂಟಿಕೊಂಡಿತ್ತು. ತರುವುದಾದರೆ ಸಂಜೆ ಮೇಲೆ ತನ್ನಿ. ಮಾರ್ಜಿಪಾನ್‌ಗೆ ಈ ತೊಂದರೆ ಇಲ್ಲ. ರುಚಿಯೂ ನಮ್ಮ ನಾಲಿಗೆಗೆ ಹತ್ತಿರ, ಗೋಡಂಬಿ ಬರ್ಫಿ ತಿಂದ ಹಾಗೆ. ಚಾಕುವಿನಿಂದ ಬಿಲ್ಲೆ ಬಿಲ್ಲೆ ಕತ್ತರಿಸಿ ಮನೆಯವರಿಗೆಲ್ಲ ಕೊಡಬಹುದು. ಎರಡರಲ್ಲಿ ಒಂದು ಅಂದರೆ ನಾನು ಕಣ್ಣು ಮುಚ್ಚಿ ಮಾರ್ಜಿಪಾನ್ ಅನ್ನುತ್ತೇನೆ.

ಆದರೆ ಎರಡಕ್ಕೂ ಒಂದೇ ಕೊರತೆ. ಅವು ಬೇಕರಿಗೆ ಬರುವುದು ತಪಸ್ಸು ಕಾಲದಲ್ಲೇ, ಅಂದರೆ ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನದ ಉಪವಾಸದಲ್ಲೇ. ಶುಭ ಶುಕ್ರವಾರಕ್ಕೆ ಇನ್ನೂ ವಾರಗಟ್ಟಲೆ ಇರುವಾಗಲೇ ಯಾರಾದರೂ ಪ್ರೀತಿಯಿಂದ ತಂದು ಕೊಟ್ಟುಬಿಡುತ್ತಾರೆ. ಮಕ್ಕಳ ಪಾಲಿಗೆ ಈಸ್ಟರ್ ಬರುವ ಮೊದಲೇ ಬಂದು ಹೋಗಿರುತ್ತದೆ. ಮೊಲದ ಆಕಾರದ ಚಾಕೊಲೇಟ್ ಕೂಡ ಈಗ ಮಾಲ್‌ಗಳಲ್ಲಿ ಕಾಣಿಸುತ್ತದೆ. ಅದು ಜರ್ಮನಿ ಕಡೆಯ ಕಥೆ. ನಮ್ಮ ಮಕ್ಕಳಿಗೆ ಅದರ ಹಿಂದುಮುಂದು ಗೊತ್ತಿಲ್ಲ, ಅದನ್ನು ಬಿಟ್ಟುಬಿಡೋಣ.

ಕೈಗೆ ದುಡ್ಡು ಕೊಡುವುದು, ಹೊಸ ಬಟ್ಟೆ ಕೊಡಿಸುವುದು ಇದ್ದೇ ಇದೆ. ಬಟ್ಟೆಯನ್ನು ಮಕ್ಕಳು ಗಿಫ್ಟ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ನೂರರ ನೋಟು ನೇರ ನನ್ನ ಪರ್ಸಿಗೆ ಬರುತ್ತದೆ.

ಖರ್ಚಿಲ್ಲದೆ ಚೆನ್ನಾಗಿ ಕೆಲಸ ಮಾಡಿದ ಒಂದು ದಾರಿ ಹೇಳಲೇಬೇಕು. ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಇಟ್ಟುಕೊಂಡು ಬಂದ ಮೇಲೆ ಮಕ್ಕಳಿಬ್ಬರೂ ಈಸ್ಟರ್‌ವರೆಗೆ ಏನು ಬಿಡುತ್ತೇವೆ ಅಂತ ಹೇಳಬೇಕು. ನಾವು ಹೇಳಿಕೊಡುವುದಿಲ್ಲ, ಅವರೇ ಆರಿಸಬೇಕು. ಒಂದು ವರ್ಷ ಮಗ ಹನಿ ಕೇಕ್ ಬಿಟ್ಟ. ಶಾಲೆಯಿಂದ ಬರುವಾಗ ದಿನಾ ಬೇಕರಿಯಲ್ಲಿ ಅವನಿಗೆ ಅದೇ ಬೇಕಿತ್ತು. ಆ ದುಡ್ಡು ಡಬ್ಬಿಗೆ ಬಿತ್ತು, ಡಬ್ಬಿ ಗುಡಿಯ ಕಾಣಿಕೆಗೆ ಹೋಯಿತು. ಈಸ್ಟರ್ ಬೆಳಿಗ್ಗೆ ತಟ್ಟೆಯಲ್ಲಿ ಒಂದು ಹನಿ ಕೇಕ್ ಇಟ್ಟು ಅವನ ಮುಂದೆ ತಳ್ಳಿದೆ. ಯಾವಾಗಲೂ ಗಬಕ್ಕನೆ ಬಾಯಿಗೆ ಹಾಕುವವನು ಅವತ್ತು ಮೇಲಿನ ಕೊಬ್ಬರಿ ತುರಿಯನ್ನು ಬೆರಳಲ್ಲಿ ಒತ್ತಿ ಒತ್ತಿ ನೆಕ್ಕಿದ. ಆಮೇಲೆ ಜಾಮ್ ಇರುವ ಪದರ. ಕೊನೆಗೆ ಜೇನಿನ ಪಾಕ ಹೀರಿಕೊಂಡ ತಳ. "ಅಜ್ಜಿ, ನಿಮಗೂ ಸ್ವಲ್ಪ" ಅಂತ ಒಂದು ಮೂಲೆ ಮುರಿದು ಕೊಟ್ಟ. ಹಿಂದಿನ ವರ್ಷದ ರಿಮೋಟ್ ಕಾರಿಗೂ ಈ ಮುಖ ಕಂಡಿರಲಿಲ್ಲ. ಬಿಟ್ಟಿದ್ದನ್ನೇ ಮರಳಿ ಕೊಡುವುದು ತುಂಬ ಚಿಕ್ಕ ಉಡುಗೊರೆ. ಆದರೆ ಅದು ಯಾವ ಹಬ್ಬದ್ದು ಅಂತ ಮಗುವಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಮನೆಯಲ್ಲೇ ಬಣ್ಣ ಹಾಕಿದ ಕೋಳಿ ಮೊಟ್ಟೆ. ಹಳೆಯ ಪದ್ಧತಿಯೂ ಅದೇ. ಹಿಂದೆ ಯೂರೋಪಿನಲ್ಲಿ ತಪಸ್ಸು ಕಾಲದಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿ ಇಡುವುದನ್ನು ನಿಲ್ಲಿಸುತ್ತದಾ? ಈಸ್ಟರ್ ಹೊತ್ತಿಗೆ ರಾಶಿ ಮೊಟ್ಟೆ ಇರುತ್ತಿತ್ತು. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಅರಮನೆಯವರಿಗೆ ಹಂಚಲು 450 ಮೊಟ್ಟೆಗೆ ಬಣ್ಣ, ಚಿನ್ನದ ರೇಕು ಹಾಕಿಸಿದ ಲೆಕ್ಕ ಇದೆ. ಇದನ್ನು ಅತ್ತೆಗೆ ಹೇಳಿದಾಗ ಸ್ವಲ್ಪ ಮೆತ್ತಗಾದರು. ಕೊಡುವುದು ಅಂಗಡಿಯವರು ಹುಟ್ಟಿಸಿದ್ದಲ್ಲ ಅಂತ ಅವರಿಗೂ ಅನ್ನಿಸಿತು.

ಮಾಡುವ ಬಗೆ ಹೇಳುತ್ತೇನೆ. ಬೂದಿ ಬುಧವಾರದಿಂದಲೇ ಈರುಳ್ಳಿಯ ಒಣ ಸಿಪ್ಪೆ ಎಸೆಯಬೇಡಿ, ಒಂದು ಬಟ್ಟೆ ಚೀಲದಲ್ಲಿ ತುಂಬುತ್ತಾ ಬನ್ನಿ. ಚೀಲ ಊದುತ್ತಾ ಹೋಗುವುದನ್ನು ನೋಡಿ ಮಕ್ಕಳಿಗೆ ಹಬ್ಬ ಹತ್ತಿರ ಬಂತು ಅಂತ ತಿಳಿಯುತ್ತದೆ. ಶನಿವಾರ ಬೆಳಿಗ್ಗೆ ಆ ಸಿಪ್ಪೆಯನ್ನು ಅರ್ಧ ಗಂಟೆ ಕುದಿಸಿ, ಸೋಸಿ, ಆರಲು ಬಿಡಿ. ಅದಕ್ಕೆ ಎರಡು ಚಮಚ ವಿನೆಗರ್ ಹಾಕಿ. ಮೊಟ್ಟೆಗೆ ನೀರು ಸವರಿ ಒಂದು ಕೊತ್ತಂಬರಿ ಎಲೆ ಅಂಟಿಸಿ, ಹಳೆ ಪಂಚೆಯ ತುಂಡು ಸುತ್ತಿ ದಾರದಿಂದ ಬಿಗಿಯಾಗಿ ಕಟ್ಟಿ. ಆ ಬಣ್ಣದ ನೀರಿನಲ್ಲೇ ಬೇಯಿಸಿ. ಆರಿದ ಮೇಲೆ ಬಿಚ್ಚಿದರೆ ಮೊಟ್ಟೆ ಇಟ್ಟಿಗೆ ಕೆಂಪು, ನಡುವೆ ಕೊತ್ತಂಬರಿ ಎಲೆಯ ಬಿಳಿ ಅಚ್ಚು, ಅದರ ಹಲ್ಲು ಹಲ್ಲು ಅಂಚು ಕೂಡ ಮೂಡಿರುತ್ತದೆ. ಚೂರು ಕೊಬ್ಬರಿ ಎಣ್ಣೆ ಸವರಿದರೆ ಫಳಫಳ. ಅರಿಶಿನದ ನೀರಿಗೆ ಒಳ್ಳೆ ಹಳದಿ ಬರುತ್ತದೆ. ಬೀಟ್‌ರೂಟ್ ನಂಬಬೇಡಿ, ಕುದಿಸಿದರೆ ಮಾಸಲು ಕಂದು ಆಗಿಬಿಡುತ್ತದೆ. ಫಾರಂ ಕೋಳಿಯ ಬಿಳಿ ಮೊಟ್ಟೆಯೇ ಬೇಕು, ನಾಟಿ ಮೊಟ್ಟೆಯ ಮೇಲೆ ಬಣ್ಣ ಎದ್ದು ಕಾಣುವುದಿಲ್ಲ. ಒಂದು ದೊಡ್ಡ ಚಾಕೊಲೇಟ್ ಮೊಟ್ಟೆಯ ದುಡ್ಡಿಗೆ ಎರಡು ಡಜನ್ ಬರುತ್ತದೆ.

ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಮಕ್ಕಳಿಗೆ ಒಂದೊಂದು ಮೊಟ್ಟೆ ಅವರದ್ದು, ಉಳಿದದ್ದು ಅವರ ಕೈಯಿಂದಲೇ ಹಂಚಲು. ಸಂಕ್ರಾಂತಿಗೆ ಬೀದಿಯ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ನಮ್ಮ ಮನೆಗೂ ಎಳ್ಳು ಬೀರಲು ಬರುತ್ತಾರೆ. ನಮ್ಮ ಮಕ್ಕಳಿಗೆ ಈ ದಿನ ಅವರ ಮನೆಗೆ ತಿರುಗಿ ಹೋಗುವ ಅವಕಾಶ. ಮೊಟ್ಟೆ ತಿನ್ನದ ಮನೆಗಳಿಗೆ ದೇವರಾಜ ಮಾರ್ಕೆಟ್‌ನ ಏಲಕ್ಕಿ ಬಾಳೆಹಣ್ಣು ಮತ್ತು ಮೈಸೂರು ಪಾಕ್. ಕೇಕ್ ಕೊಡಬೇಡಿ, ಅದರಲ್ಲೂ ಮೊಟ್ಟೆ ಇರುತ್ತದೆ. ಮಾರ್ಜಿಪಾನ್‌ಗೂ ಕೆಲವರು ಮೊಟ್ಟೆಯ ಬಿಳಿ ಹಾಕುತ್ತಾರೆ, ಕೇಳಿಯೇ ತನ್ನಿ. ಮೇಲಿನ ಮನೆಯ ಅಜ್ಜಿ ತಾವು ತಿನ್ನದಿದ್ದರೂ ಎಲೆಯ ಅಚ್ಚಿರುವ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಕಿಟಕಿ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ನೀನೇ ಮಾಡಿದ್ಯಾ ಪುಟ್ಟೀ?" ಅಂದರು. ಮಗಳು ಸಿಪ್ಪೆಯ ಚೀಲದಿಂದ ಶುರು ಮಾಡಿ ಪೂರ್ತಿ ವಿವರಿಸಿದಳು. ಯಾಕೆ ಮಾಡುತ್ತಾರೆ ಅಂತ ಅವರು ಕೇಳಿದಾಗ "ಏಸು ಸಮಾಧಿಯಿಂದ ಎದ್ದು ಬಂದ್ರಲ್ಲ ಅಜ್ಜಿ, ಹಾಗೆ ಇದರ ಒಳಗಿಂದ ಮರಿ ಬರುತ್ತಲ್ಲ" ಅಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಕಣ್ಣು ತುಂಬಿ ಬಂತು.

ಅತ್ತೆ ತಪಸ್ಸು ಕಾಲ ಪೂರ್ತಿ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಆ ಭಾನುವಾರ ಮೊಮ್ಮಗ ಸುಲಿದು ಕೊಟ್ಟ ಮೊಟ್ಟೆಯೇ ಅವರ ಮೊದಲ ಮೊಟ್ಟೆ. ಉಪ್ಪು, ಮೆಣಸಿನ ಪುಡಿ ಉದುರಿಸಿಕೊಂಡು ತಿಂದರು. ಈಗ ಈರುಳ್ಳಿ ಸಿಪ್ಪೆಯ ಚೀಲ ತುಂಬುವ ಕೆಲಸ ಅವರದ್ದೇ.

ಹಾಗಾದರೆ ಆಟದ ಸಾಮಾನು ಕೊಡಲೇಬೇಕು ಅನ್ನುವ ಜ್ಞಾನತಾಯಿಗೆ ಏನು ಹೇಳೋದು? ನಾನು ಹೇಳಿದ್ದು ಇಷ್ಟು: ಈಸ್ಟರ್ ಒಂದು ದಿನದ ಹಬ್ಬ ಅಲ್ಲ, ಪವಿತ್ರಾತ್ಮರ ಹಬ್ಬದವರೆಗೆ 50 ದಿನ ಇದೆ. ಯಾವ ಭಾನುವಾರ ಬೇಕಾದರೂ ಬಂದು ಕೊಡು, ಆ ಮೊದಲ ದಿನ ಒಂದನ್ನು ಬಿಟ್ಟು. ಆ ದಿನ ಬಂದರೆ ಮಾರ್ಜಿಪಾನ್ ತಾ, ಕತ್ತರಿಸಿ ಎಲ್ಲರೂ ತಿನ್ನೋಣ. ಒಪ್ಪಿಕೊಂಡಳು.

ಒಂದು ಎಚ್ಚರಿಕೆ. ಬೇಯಿಸಿದ ಮೊಟ್ಟೆಯನ್ನು ಬೇಸಿಗೆಯಲ್ಲಿ ಬುಟ್ಟಿಯಲ್ಲಿಟ್ಟು ದಿನವೆಲ್ಲ ಹಾಲ್‌ನಲ್ಲಿ ಅಲಂಕಾರಕ್ಕೆ ಇಡಬೇಡಿ. ಆರಿ ಬಣ್ಣ ಹಿಡಿದ ತಕ್ಷಣ ಫ್ರಿಜ್‌ಗೆ ಹೋಗಲಿ, ಹಂಚುವ ಹೊತ್ತಿಗೆ ಮಾತ್ರ ತೆಗೆಯಿರಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬೇಡ. ಉಳಿದದ್ದು ಸೋಮವಾರ ಮೊಟ್ಟೆ ಸಾರಿಗೆ ಸರಿಹೋಗುತ್ತದೆ.