ಕ್ಯಾರವಾನ್ ಫ್ರಿಜ್ ಕೆಳಗೆ ನೀರು: ಕೊನೆಗೂ ಸಿಕ್ಕ ಒಳ್ಳೇ ಮೆಕ್ಯಾನಿಕ್

ಮಳೆ ಬಂದಾಗಲೆಲ್ಲ, ಮನೆಯಂತೆ ಉಳಿಯಬಹುದಾದ ಗಾಡಿ ಅಂದರೆ ನಮ್ಮ ಕ್ಯಾರವಾನ್‌ನ ಫ್ರಿಜ್ ಕೆಳಗೆ ನೀರು. ಮೊದಲು ತೋರಿಸಿದ ಕಡೆ ಫ್ರಿಜ್ಜನ್ನೇ ಬದಲಿಸಿ ಅಂದರು. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ ಹತ್ತಿರದ ಈ ಚಿಕ್ಕ ಗ್ಯಾರೇಜಿಗೆ ಹೋದೆ. ಇವರು ಫ್ರಿಜ್ ಒಳಗಿನ ಡ್ರೈನ್ ತೂತಿಗೆ ಒಂದು ಲೋಟ ನೀರು ಹುಯ್ದರು. ಸಲೀಸಾಗಿ ಹೊರಗೆ ಹೋಯಿತು, ಅಂದರೆ ಡ್ರೈನ್ ಕಟ್ಟಿಕೊಂಡಿರಲಿಲ್ಲ. ನೆಲ ಒರೆಸಿ, ಹಳೇ ಪೇಪರ್ ಹಾಸಿ, ಹೊರಗಿನಿಂದ ಪೈಪಲ್ಲಿ ನೀರು ಬಿಟ್ಟರು. ಕೆಳಗಿಂದ ಮೇಲಕ್ಕೆ, ನಿಧಾನವಾಗಿ. ಮೇಲಿಂದ ಶುರು ಮಾಡಿದರೆ ಎಲ್ಲ ಕಡೆ ನೆನೆದು ತೂತು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ? ಗಾಡಿಯ ಪಕ್ಕದ ಗಾಳಿ ಜಾಲರಿ ಸರಿಯಿತ್ತು. ಚಾವಣಿಯ ಮೇಲಿನ, ಫ್ರಿಜ್ಜಿನ ಬಿಸಿಗಾಳಿ ಹೊರಹೋಗುವ ವೆಂಟ್‌ಗೆ ನೀರು ಬಿದ್ದದ್ದೇ ತಡ, ಪೇಪರ್ ಒದ್ದೆ! ಅದರ ಸ್ಕ್ರೂ ಸುತ್ತ ನೀರು ಒಳಗೆ ಬರದಂತೆ ಹಚ್ಚಿದ್ದ ಸೀಲಂಟ್ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಹಳೆಯದನ್ನು ಪೂರ್ತಿ ಕೆರೆದು ಹೊಸದು ಹಾಕಿದರು. 1,400 ರೂಪಾಯಿ. ಪಾರ್ಕಿಂಗ್ ಕಷ್ಟ, ಬೆಳಿಗ್ಗೆ ಬೇಗ ಹೋಗಿ. ಹೋದ ವಾರದ ಜೋರು ಮಳೆಗೂ ನೆಲಕ್ಕೆ ಒಂದು ಹನಿ ಬೀಳಲಿಲ್ಲ.