ಪಹಣಿಗಿಂತ ಹಿಂದಕ್ಕೆ ಹೋಗುವ ವಕೀಲರು: ಶಿವಮೊಗ್ಗದ ಒಂದು ಲೀಗಲ್ ಒಪೀನಿಯನ್ ಸೇವೆ

ಜಮೀನಿನ ಕಾಗದ ನೋಡಿ ಲೀಗಲ್ ಒಪೀನಿಯನ್ (ಒಡೆತನ ಸರಿಯಿದೆಯೇ ಎಂಬ ಲಿಖಿತ ಅಭಿಪ್ರಾಯ) ಕೊಡುವ ವಕೀಲರಿಗೆ ಶಿವಮೊಗ್ಗದಲ್ಲಿ ಕೊರತೆಯಿಲ್ಲ. ಆದರೆ ಚಾಲ್ತಿ ಪಹಣಿ, ಇಸಿ (ಋಣಭಾರ ಪ್ರಮಾಣಪತ್ರ), ಹಿಂದಿನ ಒಂದು ಕ್ರಯಪತ್ರ ನೋಡಿ ಎರಡು ಪುಟ ಬರೆದುಕೊಡುವವರೇ ಜಾಸ್ತಿ. ಇಲ್ಲಿ ಪರಿಚಯಿಸುತ್ತಿರುವ ಹಿರಿಯ ಸಿವಿಲ್ ವಕೀಲರ ಮೊದಲ ಪ್ರಶ್ನೆಯೇ ಬೇರೆ: ಈ ಜಮೀನು ಮೊದಲು ಯಾರ ಕೈಗೆ, ಯಾವ ಆದೇಶದ ಮೇಲೆ ಬಂತು?

ಮಲೆನಾಡಿನಲ್ಲಿ ಹುಳುಕು ಇರುವುದು ಅಲ್ಲೇ. ಗೇಣಿ ಜಮೀನುಗಳು 1-3-1974ರಂದು ಸರ್ಕಾರಕ್ಕೆ ಸೇರಿ, ಫಾರಂ 7 (ಗೇಣಿದಾರರ ಅರ್ಜಿ) ಹಾಕಿದವರಿಗೆ ಭೂನ್ಯಾಯ ಮಂಡಳಿಯಿಂದ ಬಂದವು. ಹಾಗೆ ಬಂದದ್ದನ್ನು 15 ವರ್ಷ ಮಾರುವಂತಿರಲಿಲ್ಲ. ಆ ಅವಧಿಯೊಳಗೇ ಒಮ್ಮೆ ಕೈ ಬದಲಾಗಿದ್ದರೆ ಮುಂದಿನ ಎಷ್ಟು ಕ್ರಯಪತ್ರಗಳಿದ್ದರೂ ಬುಡ ಗಟ್ಟಿಯಿಲ್ಲ. ಆದ್ದರಿಂದ ಅವರು ಮಂಡಳಿಯ ಆದೇಶ ಮತ್ತು ಫಾರಂ 10 (ಆ ಆದೇಶದ ಮೇಲೆ ಕೊಡುವ ಹಕ್ಕಿನ ಪ್ರಮಾಣಪತ್ರ) ಎರಡನ್ನೂ ತರಿಸುತ್ತಾರೆ. ಸರ್ಕಾರ ಕೊಟ್ಟ ಮಂಜೂರಾತಿ ಜಮೀನಾದರೆ ಸಾಗುವಳಿ ಚೀಟಿಯ (ಮಂಜೂರಾತಿ ಪತ್ರದ) ಷರತ್ತು ಓದುತ್ತಾರೆ. ಮಂಜೂರು ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ (ಇಂಥ ಜಮೀನಿನ ಪರಭಾರೆ ತಡೆಯುವ ಕಾನೂನು) ಮಾರಲು ಸರ್ಕಾರದ ಪೂರ್ವಾನುಮತಿ ಬೇಕು. ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲವೆಂದ 2023ರ ತಿದ್ದುಪಡಿ ಬಂದ ಮೇಲೆ ‘ಹಳೇ ಕ್ರಯ, ಯಾರು ಕೇಳ್ತಾರೆ’ ಎಂಬ ಧೈರ್ಯವಂತೂ ಸಲ್ಲದು.

ಇನ್ನು ಅಡಿಕೆ ತೋಟದ ಜೊತೆ ಬರುವ ಸೊಪ್ಪಿನಬೆಟ್ಟ. ಮಾರುವವರು ಅದನ್ನೂ ಎಕರೆ ಲೆಕ್ಕಕ್ಕೆ ಸೇರಿಸಿ ರೇಟು ಹೇಳುತ್ತಾರೆ. 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಪ್ರಕಾರ ಅದು ಸೊಪ್ಪು, ದರಗು ತರುವ ಸವಲತ್ತು ಮಾತ್ರ, ಒಡೆತನವಲ್ಲ. ಈ ವಕೀಲರ ವರದಿಯಲ್ಲಿ ಬೆಟ್ಟದ ವಿಸ್ತೀರ್ಣ ಬೇರೆಯಾಗಿಯೇ ಇರುತ್ತದೆ. ಈ ಒಂದು ಸಾಲಿಗೇ ಫೀಸು ಸಾರ್ಥಕ. ಸಾಗರ, ಹೊಸನಗರ ಕಡೆಯ ಶರಾವತಿ ಅಣೆಕಟ್ಟಿನಿಂದ ಮುಳುಗಡೆಯಾದವರಿಗೆ ಕೊಟ್ಟ ಪುನರ್ವಸತಿ ಜಮೀನಾದರೆ ಸರ್ವೆ ನಂಬರನ್ನು ಅರಣ್ಯ ಅಧಿಸೂಚನೆಯ ಜೊತೆ ತಾಳೆ ನೋಡದೆ ಸಹಿ ಹಾಕುವುದಿಲ್ಲ.

ಇಸಿ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು. ನೋಂದಣಿ ಇಲಾಖೆಯ ‘ಕಾವೇರಿ’ ಆನ್‌ಲೈನ್ ತಾಣದಲ್ಲಿ ಸಿಗುವುದು 1-4-2004ರ ನಂತರದ್ದು. ಅದಕ್ಕೂ ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆಸಿ ತರಬೇಕು. ಮೂಲ ಪತ್ರವನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ನೋಂದಣಿಯಾಗದಿದ್ದರೆ ಇಸಿಯಲ್ಲಿ ಕಾಣುವುದೇ ಇಲ್ಲ, ಅದಕ್ಕೇ ಜೆರಾಕ್ಸ್ ಒಪ್ಪುವುದಿಲ್ಲ. ಸೊಸೈಟಿ ಸಾಲಕ್ಕೆ ಪಹಣಿಯ 11ನೇ ಕಾಲಂ ನೋಡುತ್ತಾರೆ.

ಪಿತ್ರಾರ್ಜಿತ ಆಸ್ತಿಗೆ ವಂಶವೃಕ್ಷ ಕಡ್ಡಾಯ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ, 20-12-2004ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿ ಅಥವಾ ಕೋರ್ಟ್ ಡಿಕ್ರಿ ಇಲ್ಲದಿದ್ದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸಹಿ ಹಾಕಬೇಕು. ಅದೂ ಸಾಕ್ಷಿಗಳಾಗಿ ಅಲ್ಲ, ಕ್ರಯ ಕೊಡುವವರಾಗಿ. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ (ಆ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು.

ಕೊರತೆಗಳೂ ಇವೆ. ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನಿಂದ ಮಂಡಳಿಯ ಕಡತದ ನಕಲು ಬರುವವರೆಗೆ ವರದಿ ಮುಂದೆ ಹೋಗುವುದಿಲ್ಲ, ವಾರಗಟ್ಟಲೆ ಕಾಯಬೇಕು. ವರದಿಯ ಭಾಷೆ ಕೋರ್ಟಿನದು, ಎದುರು ಕೂತು ಕೇಳದಿದ್ದರೆ ಅರ್ಥವಾಗದು. ಸ್ಥಳಕ್ಕೆ ಅವರು ಬರುವುದಿಲ್ಲ. ಬೇಲಿ ಸರಿದದ್ದು, ಹಳ್ಳದ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ತೋಟಕ್ಕೆ ಸೇರಿದ್ದು, ದಾರಿ ಬೇರೆಯವರ ಗದ್ದೆ ಮೇಲಿರುವುದು ಕಾಗದದಲ್ಲಿ ಕಾಣದು. ಅದಕ್ಕೆ ಹದ್ದುಬಸ್ತು (ಗಡಿ ಗುರುತಿಸುವ) ಅರ್ಜಿ ಹಾಕಿ ಅಳತೆ ಮಾಡಿಸಿಕೊಳ್ಳಬೇಕು.

ನಗರಾಭಿವೃದ್ಧಿ ಪ್ರಾಧಿಕಾರವೇ ಹಂಚಿದ ಸೈಟಿಗೆ ಇಷ್ಟು ಆಳದ ಪರಿಶೀಲನೆ ಬೇಡ. ಗದ್ದೆ, ತೋಟ, ಕಾನಂಚಿನ ಜಮೀನಿಗೆ ಮಾತ್ರ ಬೇಕೇ ಬೇಕು. ಕಾಗದ ತೋರಿಸುವುದು ಮುಂಗಡ ಕೊಡುವ ಮೊದಲು. ಕರಾರು ಆಗಿಹೋಗಿದ್ದರೆ, ಟೈಟಲ್ ಸರಿಯಿಲ್ಲದಿದ್ದಲ್ಲಿ ಮುಂಗಡ ವಾಪಸ್ ಎಂಬ ಷರತ್ತು ಅದರಲ್ಲಿದೆಯೇ ಎಂದೇ ಅವರು ಮೊದಲು ನೋಡುವುದು.